ಗುರುತು ಉಳಿಸದೆ ಒಣಗುವ ನೀರು

ನಮ್ಮ ಮನೆಯ ಬೋರ್‌ವೆಲ್ ನೀರನ್ನು ಗಾಜಿನ ಮೇಲೆ ಚಿಮುಕಿಸಿ ಬಿಸಿಲಿಗೆ ಬಿಟ್ಟರೆ, ಒಣಗುವಷ್ಟರಲ್ಲಿ ಪ್ರತಿ ಹನಿಯೂ ತನ್ನ ಸುತ್ತ ಒಂದು ಬಿಳಿ ಉಂಗುರ ಬರೆದಿಟ್ಟು ಹೋಗಿರುತ್ತದೆ. ರಾಯಚೂರಿನ ಬಿಸಿಲಿಗೆ ಅದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಕಿಟಕಿ ತೊಳೆಯುವ ಕೆಲಸದಲ್ಲಿ ಅರ್ಧ ಶ್ರಮ ಕೊಳೆ ತೆಗೆಯುವುದಕ್ಕೆ. ಉಳಿದರ್ಧ ಆ ಉಂಗುರ ಬೀಳುವ ಮೊದಲು ನೀರನ್ನೇ ಒರೆಸಿ ತೆಗೆಯುವುದಕ್ಕೆ. ಒರೆಸಬೇಕೆಂದರೆ ಕೈ ಗಾಜಿನ ಹತ್ತಿರ ಇರಬೇಕು. ಕೈ ಹತ್ತಿರ ಇರಬೇಕೆಂದರೆ ಏಣಿ ಹತ್ತಬೇಕು.

ಏಣಿಯಿಂದಲೇ ಹಿರಿಯಳು ಬಿದ್ದದ್ದು.

ಹಿರಿಯಳು, ಕಿರಿಯಳು ಎಂದರೆ ನನ್ನ ಜೊತೆ ಕೆಲಸ ಮಾಡುವ ನೆಗೆಣ್ಣಿಯರು, ಅಣ್ಣತಮ್ಮಂದಿರ ಹೆಂಡಂದಿರು. ಸ್ಕೂಲಿನಿಂದ ರಿಟೈರ್ ಆದ ಮೇಲೆ ನಾನು ಈ ಕ್ಲೀನಿಂಗ್ ಸರ್ವಿಸ್ ಹಿಡಿದೆ. ಫೋನು, ಆರ್ಡರು, ಸೋಪಿನ ಮಿಶ್ರಣ ನನ್ನದು, ಗಾಜು ಅವರದು. ಬ್ರಶ್ಶು, ಬಕೆಟ್ಟು, ಏಣಿ ಎಲ್ಲ ನಮ್ಮ ಮನೆಯಲ್ಲೇ ಇದ್ದದ್ದರಿಂದ ಅವರು ತಮ್ಮೂರಾದ ಮಸರಕಲ್‌ನಿಂದ ಬೆಳಗಿನ ಮೊದಲ ಬಸ್ಸಿಗೆ ಬಂದು, ಚಹಾ ಕುಡಿದು, ಸಾಮಾನು ತೆಗೆದುಕೊಂಡು ದೇವದುರ್ಗಕ್ಕೋ ಮಾನ್ವಿಗೋ ಹೋಗುತ್ತಿದ್ದರು. ದೂರದ ಕೆಲಸವಾದರೆ ನಾನೂ ಹೋಗುತ್ತಿದ್ದೆ. ದೇವದುರ್ಗದ ಒಂದು ನರ್ಸಿಂಗ್ ಹೋಮಿನ ಮುಂಭಾಗದ ಗಾಜು ಒರೆಸುವಾಗ ಏಣಿಯ ಕಾಲು ಜಾರಿ ಹಿರಿಯಳ ಬಲಗೈ ಮಣಿಕಟ್ಟು ಮುರಿಯಿತು. ಬಿದ್ದದ್ದು ಆಸ್ಪತ್ರೆಯ ಬಾಗಿಲಲ್ಲೇ ಎಂದು ಅವಳೇ ನಗೆಯಾಡಿದಳು. ಅವಳ ಮಗಳು ಮಾತ್ರ ನಗಲಿಲ್ಲ. ಅವಳೂ ನನ್ನಂತೆ ಟೀಚರ್. ನಮ್ಮ ಮನೆಗೇ ಬಂದು, ನಿಂತುಕೊಂಡೇ ಹೇಳಿದಳು:

"ನಮ್ಮವ್ವ ಇನ್ನ ಏಣಿ ಹತ್ತಂಗಿಲ್ರಿ ಟೀಚರಮ್ಮ. ಸಣ್ಣವ್ವನೂ ಹತ್ತಂಗಿಲ್ಲ. ಸಿಟ್ಟಾಗಬ್ಯಾಡ್ರಿ."

"ಸಿಟ್ಟ್ಯಾಕವಾ, ಕರೆಕ್ಟ್ ಅದ ನೀ ಹೇಳೂದು," ಅಂದೆ. ಕರೆಕ್ಟೇ ಇತ್ತು.

ಆಮೇಲಿನ ವಾರಗಳು ನನಗೆ ಚೆನ್ನಾಗಿ ನೆನಪಿವೆ. ಹಾಲಿನವನು ಪ್ಯಾಕೆಟ್ಟನ್ನು ಗೇಟಿಗೆ ಸಿಕ್ಕಿಸಿ ಹೋಗುತ್ತಾನೆ, ಮುಖ ಕಾಣುವುದಿಲ್ಲ. ಬೆಳಗಿನ ಚಹಾಕ್ಕೆ ಅಭ್ಯಾಸಬಲದಿಂದ ಮೂರು ಕಪ್ಪು ನೀರು ಇಟ್ಟು, ಎರಡನ್ನು ಸಿಂಕಿಗೆ ಸುರಿಯುತ್ತಿದ್ದೆ. ಒಂದು ಮಧ್ಯಾಹ್ನ ಕುಕ್ಕರ್ ಸೀಟಿ ಹೊಡೆದಾಗ "ಕಮಿಂಗ್, ಕಮಿಂಗ್" ಎಂದು ಅದಕ್ಕೆ ಉತ್ತರ ಕೊಟ್ಟವಳು ನಾನೇ ಎಂದು ತಿಳಿದದ್ದು ಒಲೆ ಆರಿಸಿದ ಮೇಲೆ. ಇಡೀ ದಿನದಲ್ಲಿ ನಾನು ಆಡಿದ ಮಾತು ಅಷ್ಟೇ ಆಗಿತ್ತು. ಏಣಿ ಇಲ್ಲದೆ ಕೆಲಸ ನಡೆಯದಿದ್ದರೆ ಅವರು ಬರುವುದಿಲ್ಲ. ಅವರು ಬರದಿದ್ದರೆ ಈ ಮನೆ ಹೀಗೆಯೇ ಇರುತ್ತದೆ. ನನ್ನ ಚಿಂತೆ ಇದ್ದದ್ದು ಇಷ್ಟೇ. ಆದಾಯದ ಚಿಂತೆ ಅಲ್ಲ, ಪೆನ್ಷನ್ ಬರುತ್ತದೆ.

ಒರೆಸುವುದೇ ಬೇಡವಾದರೆ ಏಣಿಯೂ ಬೇಡ. ನೀರಿನಲ್ಲಿ ಕರಗಿದ ಉಪ್ಪು, ಸುಣ್ಣ ಏನೂ ಇಲ್ಲದಿದ್ದರೆ ಅದು ಒಣಗುವಾಗ ಬರೆದಿಡುವುದಕ್ಕೂ ಏನೂ ಇರುವುದಿಲ್ಲ. ಉದ್ದನೆಯ ಟೊಳ್ಳು ಕೋಲಿನ ತುದಿಗೆ ಬ್ರಶ್ಶು, ಅದರೊಳಗಿಂದ ನೀರಿನ ಪೈಪು. ನೆಲದ ಮೇಲೆ ನಿಂತೇ ಎರಡು ಅಂತಸ್ತಿನ ಗಾಜು ಉಜ್ಜಿ, ಅದೇ ನೀರಿನಿಂದ ಜಾಲಿಸಿ, ಹಾಗೇ ಬಿಟ್ಟು ಬರಬಹುದು. ದೊಡ್ಡ ಊರುಗಳಲ್ಲಿ ಹೀಗೆಯೇ ಮಾಡುತ್ತಾರೆ. ಕೋಲನ್ನು ತರಿಸಿಕೊಳ್ಳುವುದು ಸುಲಭ. ನೀರನ್ನು ಮಾತ್ರ ಇಲ್ಲೇ ಮಾಡಿಕೊಳ್ಳಬೇಕು.

ಮನೆಗಳಿಗೆ ಆರ್‌ಓ ಕೂಡಿಸುವ ಫಿಟ್ಟರನ್ನು ಕರೆಸಿದೆ. ಹಿತ್ತಲ ಕಡೆಯ ಬಚ್ಚಲ ಪಕ್ಕದ ಗೋಡೆ ತೋರಿಸಿದೆ.

"ಕುಡ್ಯಾಕೇನ್ರಿ ಮೇಡಮ್?"

"ಅಲ್ಲಪಾ, ಕಿಟಕಿ ತೊಳ್ಯಾಕ."

ಅವನು ಡ್ರಿಲ್ ಕೆಳಗಿಟ್ಟು ಮನೆಯನ್ನೆಲ್ಲ ಒಂದು ಸುತ್ತು ನೋಡಿದ. "ಮನಿಗಿ ನಾಕಾ ಕಿಟಕಿ ಅದಾವಲ್ರಿ!"

ಬಿಡಿಸಿ ಹೇಳಿದೆ. ತಲೆಯಾಡಿಸಿದ, ನಂಬಲಿಲ್ಲ. ಕೆಲಸ ಮಾತ್ರ ನೀಟಾಗಿ ಮಾಡಿದ. ಸಂಪಿನಿಂದ ಬಂದ ನೀರು ಮೊದಲು ಮಣ್ಣು ತಡೆಯುವ ನೂಲಿನ ಫಿಲ್ಟರ್ ದಾಟಬೇಕು, ನಂತರ ಕಾರ್ಬನ್. ಕ್ಲೋರಿನ್ ತಾಗಿದರೆ ಮುಂದಿನ ಮೆಂಬ್ರೇನ್, ಉಪ್ಪು ತಡೆಯುವ ಪೊರೆ, ಕೆಡುತ್ತದೆ. ಆಮೇಲೆ ಒತ್ತಡ ಹೆಚ್ಚಿಸುವ ಸಣ್ಣ ಪಂಪು, ನಂತರ ಮೆಂಬ್ರೇನ್. ಅಲ್ಲಿ ನೀರು ಎರಡಾಗುತ್ತದೆ. ಒಂದು ಪಾಲು ತಿಳಿಯಾಗಿ ಒಳಗೆ ನುಸುಳುತ್ತದೆ. ಉಳಿದದ್ದು ಉಪ್ಪನ್ನೆಲ್ಲ ಹೊತ್ತುಕೊಂಡು ಬೇರೆ ಪೈಪಿನಿಂದ ಹೊರಗೆ ಹೋಗುತ್ತದೆ. ತಿಳಿಯಾದದ್ದನ್ನು ಕೊನೆಗೆ ನಾನು ಬೇರೆ ತರಿಸಿದ್ದ ಒಂದು ಸಿಲಿಂಡರಿಗೆ ಬಿಡಬೇಕು. ಅದರಲ್ಲಿ ಸಾಸಿವೆಯಂಥ ರೆಸಿನ್ ಕಾಳು. ಕ್ಯಾಲ್ಸಿಯಂ ಬಂದರೆ ಹಿಡಿದುಕೊಂಡು ಹೈಡ್ರೋಜನ್ ಬಿಡುತ್ತದೆ, ಕ್ಲೋರೈಡ್ ಬಂದರೆ ಹಿಡಿದುಕೊಂಡು ಹೈಡ್ರಾಕ್ಸೈಡ್ ಬಿಡುತ್ತದೆ. ಬಿಟ್ಟ ಎರಡೂ ಸೇರಿ ಮತ್ತೆ ನೀರೇ. ಕಾನ್ವೆಂಟಿನ ಲ್ಯಾಬಿನಲ್ಲಿ ಇದನ್ನು ಕಲಿತಾಗ ನನಗೆ ಪ್ರಾರ್ಥನೆಯಷ್ಟೇ ಬ್ಯೂಟಿಫುಲ್ ಅನ್ನಿಸಿತ್ತು. ಸಾಲುಸಾಲು ಹುಡುಗಿಯರಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದೆ. ಅದು ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದ್ದು ಈಗಲೇ.

ನೋಡಿದ್ದೇನು, ಮೊದಲ ದಿನ ಅದು ಕೆಲಸ ಮಾಡಲೇ ಇಲ್ಲ. ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಮೀಟರನ್ನು ಅದ್ದಿದರೆ ಬೋರಿನ ನೀರು ಸಾವಿರದ ನಾನೂರರ ಸುಮಾರು. ಮೆಂಬ್ರೇನ್ ದಾಟಿದ ಮೇಲೂ ಇನ್ನೂರರ ಮೇಲೆ. ಫಿಟ್ಟರ್ ಹೆಮ್ಮೆಯಿಂದ ಒಂದು ಸಣ್ಣ ಸ್ಕ್ರೂ ತೋರಿಸಿದ.

"ರುಚಿಗಂತ ಚೂರು ಬೋರಿನ ನೀರು ಕೂಡಾಕ ಬಿಟ್ಟೀನ್ರಿ. ಎಲ್ಲಾ ತಗದ್ರ ಸಪ್ಪ ಆಗ್ತದ. ಮೊಣಕಾಲ್ ಹಿಡೀತಾವ."

"ಗಾಜಿಗಿ ಮೊಣಕಾಲ್ ಇಲ್ಲಪಾ. ಮುಚ್ಚು ಅದನ್ನ."

ಮುಚ್ಚಿದ. ಎಪ್ಪತ್ತಕ್ಕೆ ಇಳಿಯಿತು. ರೆಸಿನ್ ದಾಟಿ ಬಂದದ್ದು ಸೊನ್ನೆ. ಮೀಟರ್ ಕೆಟ್ಟಿರಬೇಕೆಂದು ಅವನು ತಟ್ಟಿ ನೋಡಿದ.

ನೆಗೆಣ್ಣಿಯರಿಗೆ ಫೋನ್ ಮಾಡಿದೆ. ಇಬ್ಬರೂ ಬಂದರು, ಹಿರಿಯಳು ಕೈಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡೇ. ಬೀದಿ ಕಡೆಯ ದೊಡ್ಡ ಕಿಟಕಿಗೆ ಕಿರಿಯಳು ಕೋಲಿನ ಬ್ರಶ್ಶು ಆಡಿಸಿದಳು, ಮೇಲಿನಿಂದ ಕೆಳಕ್ಕೆ ಜಾಲಿಸಿದಳು. ನೀರು ಇಳಿಯುತ್ತಿದ್ದಂತೆ ಹಿರಿಯಳ ಎಡಗೈ ತನ್ನಷ್ಟಕ್ಕೆ ಸೆರಗು ಹಿಡಿದು ಗಾಜಿನ ಕಡೆ ಹೋಯಿತು.

"ಒರಸ್ಲೇನ್ರಿ?"

"ಬ್ಯಾಡ. ಕೂಡು."

"ಕಲಿ ಆಗ್ತದ್ರಿ ಯವ್ವಾ!"

"ಕೂಡವಾ ಸುಮ್ನ."

ಮೂವರೂ ಕಟ್ಟೆಯ ಮೇಲೆ ಕೂತು ಒಂದು ಕಿಟಕಿ ಒಣಗುವುದನ್ನು ನೋಡಿದೆವು. ಹನಿಗಳು ಸಣ್ಣದಾದವು, ಅಲ್ಲೊಂದು ಇಲ್ಲೊಂದು ಉಳಿದವು, ಹೋದವು. ಕಿರಿಯಳು ಎದ್ದು ಹೋಗಿ ಗಾಜಿಗೆ ಮೂಗು ತಾಗಿಸಿ ನೋಡಿದಳು. "ಎಲ್ಲಿ ಹೋತಬೇ ಯಕ್ಕಾ ನೀರು?" ಅಂದಳು. ಆ ದಿನ ಚಹಾ ಎರಡು ಸಲ ಆಯಿತು.

ಮತ್ತೆ ದಿನವೂ ಬರತೊಡಗಿದರು. ಕಿರಿಯಳು ಕೋಲು ಹಿಡಿಯಲು ಕಲಿತಳು. ಹಿರಿಯಳಿಗೆ ಭಾರ ಎತ್ತುವಂತಿರಲಿಲ್ಲ, ಆದ್ದರಿಂದ ಮಷೀನು ಕಾಯುವ ಕೆಲಸ ಅವಳದಾಯಿತು. ಕ್ಯಾನ್ ತುಂಬಿದರೆ ಪೈಪು ಬದಲಾಯಿಸಬೇಕು. ಹೊರಹೋಗುವ ಉಪ್ಪುನೀರಿಗೆ ಒಂದು ಡ್ರಮ್ ಇಟ್ಟಿದ್ದೆ, ಅದರಿಂದ ಅಂಗಳ ತೊಳೆದು ಉಳಿದದ್ದನ್ನು ಗಟಾರಕ್ಕೆ ಬಿಡಬೇಕು. ನನ್ನ ಅಡುಗೆಮನೆಯ ಕಿಟಕಿಯಿಂದ ಅವಳ ಬೆನ್ನು ಕಾಣುತ್ತಿತ್ತು. ಅವಳು ಏನೋ ಒಂದು ಮಾತಾಡುತ್ತಲೇ ಇರುತ್ತಿದ್ದಳು, ಪಂಪಿನ ಸದ್ದಿನಲ್ಲಿ ಅರ್ಧ ಕೇಳುತ್ತಿತ್ತು. ನನಗೆ ಅಷ್ಟು ಸಾಕಾಗಿತ್ತು.

ಮೊದಲ ದೊಡ್ಡ ಕೆಲಸ ಮಾನ್ವಿಯಲ್ಲಿ. ಅಕ್ಕಿ ಗಿರಣಿಯ ಸಾವ್ಕಾರರು ರಸ್ತೆಗೆ ಮುಖ ಮಾಡಿ ಹೊಸ ಆಫೀಸು ಕಟ್ಟಿಸಿದ್ದರು, ಮುಂಭಾಗವೆಲ್ಲ ನೀಲಿ ಗಾಜು, ಗಾಜಿನ ಮೇಲೆಲ್ಲ ತೌಡಿನ ಧೂಳು. ಕ್ಯಾನುಗಳನ್ನು ಗೂಡ್ಸ್ ಆಟೋಕ್ಕೆ ಹೇರಿಕೊಂಡು ಹೋದೆವು. ಮೊದಲು ತುಂಬಿದ ಕ್ಯಾನನ್ನು ಮಾತ್ರ ನಾನು ಮೀಟರಿನಿಂದ ನೋಡಿದ್ದೆ, ಸೊನ್ನೆ ಇತ್ತು. ಉಳಿದವನ್ನು ನಂಬಿದೆ.

ಕಿರಿಯಳು ಚೆನ್ನಾಗಿಯೇ ಉಜ್ಜಿದಳು, ಚೆನ್ನಾಗಿಯೇ ಜಾಲಿಸಿದಳು. ಸಾವ್ಕಾರರು ಕುರ್ಚಿ ತರಿಸಿ ನನ್ನನ್ನು ಕೂಡಿಸಿದರು, ತಾವೂ ಪಕ್ಕದಲ್ಲಿ ನಿಂತರು. ಮೊದಲ ಕ್ಯಾನಿನ ಭಾಗ ತಿಳಿಯಾಗಿ ಒಣಗಿತು. ಆಮೇಲೆ ಎಡಗಡೆಯಿಂದ ಒಂದೊಂದಾಗಿ ಉಂಗುರಗಳು ಏಳತೊಡಗಿದವು. ನೀಲಿ ಗಾಜಿನ ಮೇಲೆ ಬಿಳಿ ಎಷ್ಟು ಎದ್ದು ಕಾಣುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಯಾರೂ ಏನೂ ಮಾಡುವಂತಿರಲಿಲ್ಲ. ನೋಡುತ್ತ ಕೂಡಬೇಕಾಗಿತ್ತು, ಕೂತೆ.

"ಟೀಚರ್ರೀ," ಅಂದರು ಸಾವ್ಕಾರರು, "ಗ್ಲಾಸ್ ತೊಳದ್ರೋ, ಚುಕ್ಕಿ ರಂಗೋಲಿ ಹಾಕಿದ್ರೋ?"

"ಸಾರಿ. ಎಲ್ಲೋ ಮಿಸ್ಟೇಕ್ ಆಗ್ಯದ. ಹುಡುಕಿ ಸರಿ ಮಾಡ್ತೀನಿ."

"ನಿಮ್ಮ ಮಾತಿನ ಮ್ಯಾಲ ಬಿಡ್ತೀನ್ರಿ. ಬರೋ ಅಮಾಸಿಗಿ ಗಿರಣಿ ಪೂಜಾ ಅದ, ಬೀಗರು ಬರ್ತಾರ. ಅಷ್ಟರಾಗ ಆತಂದ್ರ ಆಫೀಸು, ಮನಿ ಎರಡೂ ಕೆಲಸ ಕಾಯಂ ನಿಮ್ಮವ. ಆಗಲಿಲ್ಲಾಂದ್ರ ಏಣಿಯವರನ್ನ ಕರಸ್ತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಸೋಪು ಹಚ್ಚಿ, ಕೈಗೆ ಸಿಕ್ಕಷ್ಟು ಎತ್ತರಕ್ಕೆ ಬಟ್ಟೆಯಿಂದ ಒರೆಸಿ ಬಂದೆವು. ವಾಪಸ್ಸು ಬರುವಾಗ ಆಟೋದಲ್ಲಿ ಹಿರಿಯಳು ಅಂದಳು, "ನಾ ಕೈ ಮುರ್ಕೊಳ್ಳದಿದ್ರ ಈ ತಾಪತ್ರಯ ಇರ್ತಿದ್ದಿಲ್ರಿ."

ಮನೆಗೆ ಬಂದು ಹುಡುಕತೊಡಗಿದೆ. ಗರ್ಲ್ಸ್, ಕೊನೆಯಿಂದ ಹಿಂದಕ್ಕೆ ಬನ್ನಿ ಎಂದು ನಾನೇ ಲ್ಯಾಬಿನಲ್ಲಿ ಹೇಳುತ್ತಿದ್ದೆ. ರೆಸಿನ್ ದಾಟಿದ ನೀರು ತೊಂಬತ್ತು: ಅಂದರೆ ರೆಸಿನ್ನಿನ ಹಿಡಿಯುವ ಶಕ್ತಿ ಮುಗಿದಿದೆ. ತಿಂಗಳುಗಟ್ಟಲೆ ಬರಬೇಕಾದದ್ದು ಇಷ್ಟು ಬೇಗ ಯಾಕೆ ಮುಗಿಯಿತು? ಮೆಂಬ್ರೇನ್ ದಾಟಿದ ನೀರು ನೂರೈವತ್ತು, ಎಪ್ಪತ್ತಿದ್ದದ್ದು ದುಪ್ಪಟ್ಟಾಗಿದೆ. ಮೆಂಬ್ರೇನ್ ಕೆಟ್ಟಿತೇ? ಫಿಟ್ಟರನ್ನು ಕರೆಸಿ ಆ ಸ್ಕ್ರೂ ಮತ್ತೆ ಬಿಚ್ಚಿದ್ದಾನೋ ಎಂದು ವಿಚಾರಿಸಿದೆ. ಅವನು ಮುಖ ಸಣ್ಣದು ಮಾಡಿಕೊಂಡು, "ನಿಮ್ಮ ಗಾಜಿನ ಆಣೆಗೂ ಮುಟ್ಟಿಲ್ರಿ," ಅಂದ. ಕೊನೆಗೆ, ಅಳೆಯಬೇಕೆಂದು ತೋಚದೇ ಇದ್ದದ್ದನ್ನು ಅಳೆದೆ: ಒಳಬರುವ ನೀರು. ಎರಡು ಸಾವಿರದ ಆರುನೂರು. ಬೋರೇ ಕೆಟ್ಟಿತೇ? ಮೋಟರ್ ಹಾಕಿ ಬೋರಿನ ಪೈಪಿಗೇ ಮೀಟರ್ ಹಿಡಿದರೆ ಅದೇ ಹಳೆಯ ಸಾವಿರದ ನಾನೂರು.

ಬೋರಿನಿಂದ ಸಂಪಿಗೆ ಇಳಿಯುವಷ್ಟರಲ್ಲಿ ನೀರು ಉಪ್ಪಾಗುವುದು ಹೇಗೆ? ತಿಳಿಯಲಿಲ್ಲ. ಚಹಾದ ಕಪ್ಪು ಹಿಡಿದುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತು ಸಂಪನ್ನೇ ನೋಡುತ್ತಿದ್ದೆ. ಹಿರಿಯಳು ಡ್ರಮ್ಮಿನಿಂದ ಒಂದು ಸಣ್ಣ ಕೊಡ ತುಂಬಿದಳು, ಎಡಗೈಯಲ್ಲಿ ಎತ್ತಿಕೊಂಡಳು, ಕಾಲಿನಿಂದ ಸಂಪಿನ ಮುಚ್ಚಳ ಸರಿಸಿ ಒಳಗೆ ಸುರಿದಳು.

"ಏನ್ ಮಾಡಾಕತ್ತೀಯವಾ?"

"ನೀರ್ ಹಾಕಾಕತ್ತೀನ್ರಿ."

"ಯಾವ್ ನೀರು?"

"ಮಷೀನು ಬ್ಯಾಡಂದಿದ್ದು. ಒಂದ್ ಕೊಡ ಚಲೋ ನೀರು ಮಾಡಾಕ ಮೂರ್ ಕೊಡ ಗಟಾರಕ್ಕ ಬಿಡ್ತದ್ರಿ ಇದು. ಅಂಗಳ ಎಷ್ಟಂತ ತೊಳೀಲಿ? ನಮ್ಮೂರಾಗ ಒಂದ್ ಕೊಡಕ್ಕ ಜುಟ್ಟು ಹಿಡ್ಕೊಂಡೋರು ನಾವು. ಕಣ್ಣೆದುರಿಗಿ ಹರದು ಹೋಗೂದು ನೋಡಿ ಸುಮ್ನ ಕುಂದ್ರಾಕ ಆಗ್ಲಿಲ್ರಿ."

"ದಿನಾ ಹಾಕಿಯೇನು?"

"ದಿನಾ. ನಿಮ್ಮ ಮೋಟ್ರು ಉಳೀತದಂತ."

ಕೋಲು ತೊಳೆಯುತ್ತಿದ್ದ ಕಿರಿಯಳು ನೆಲಕ್ಕೆ ಕೂತು ನಕ್ಕಳು. "ಯಕ್ಕಾ, ಅದು ಉಗುಳಿದ್ದನ್ನ ಅದಕ್ಕಾ ಕುಡಿಸಿಯಲ್ಲಬೇ!"

ದಿನದಿನವೂ ಉಪ್ಪು ಸಂಪಿಗೆ ಮರಳುತ್ತಿತ್ತು, ಮರುದಿನ ಮಷೀನು ಅದನ್ನೇ ಮತ್ತೆ ಉಗುಳುತ್ತಿತ್ತು. ಬೈಯಬೇಕೆಂದು ಬಾಯಿ ತೆರೆದೆ, ನಗು ಬಂತು. ಸಂಪು ಈಚೆಗೆ ಖಾಲಿಯೇ ಆಗುವುದಿಲ್ಲ, ಎಷ್ಟು ಅಡ್ಜಸ್ಟ್ ಮಾಡಿ ಬಳಸುತ್ತಿದ್ದೇವೆ ಎಂದು ನಾನೂ ಒಳಗೊಳಗೇ ಖುಷಿಪಟ್ಟಿದ್ದೆ. ಅಕ್ಕಿ ತೊಳೆದ ನೀರನ್ನು ನಾನೂ ಚೆಲ್ಲುವವಳಲ್ಲ.

ಸಂಪು ಖಾಲಿ ಮಾಡಿಸಿ ತೊಳೆಸಿದೆವು. ಹೊಸ ರೆಸಿನ್ ತುಂಬಿದೆ. ಸುಣ್ಣ ಕಟ್ಟಿದ ಮೆಂಬ್ರೇನಿಗೆ ನಿಂಬೆ ಉಪ್ಪು ಕರಗಿಸಿದ ನೀರನ್ನು ಮತ್ತೆ ಮತ್ತೆ ಸುತ್ತಿಸಿದೆ. ಸ್ವಲ್ಪ ಬಿಟ್ಟುಕೊಂಡಿತು, ಪೂರ್ತಿ ಅಲ್ಲ. ಹನಿಹನಿಯಾಗಿ ಬರುತ್ತಿದ್ದ ನೀರು ಅಮಾವಾಸ್ಯೆಯೊಳಗೆ ಮಾನ್ವಿಗೆ ಸಾಲುವಷ್ಟು ಆಗುವಂತಿರಲಿಲ್ಲ.

ಆ ದಿನಗಳಲ್ಲಿ ನನಗೆ ಕಂಡದ್ದಕ್ಕೆಲ್ಲ ಮೀಟರ್ ಅದ್ದುವ ಚಟ ಹತ್ತಿತ್ತು. ಫ್ರಿಜ್ಜಿನ ಐಸು, ಕ್ಯಾನಿನ ಕುಡಿಯುವ ನೀರು, ಎಳನೀರು ಕೂಡ. ಊಟದ ಹೊತ್ತಿಗೆ ಕಿರಿಯಳು ತನ್ನ ಬಾಟಲಿಯಿಂದ ಲೋಟಕ್ಕೆ ನೀರು ಬಗ್ಗಿಸಿದಳು, ಅದಕ್ಕೂ ಅದ್ದಿದೆ. ಎರಡು ನೂರು ಚಿಲ್ಲರೆ.

"ಇದು ಎಲ್ಲಿದವಾ?"

"ಮನಿ ನಳದ್ದ್ರಿ. ಈಗ ನದಿ ನೀರು ಬರ್ತದಲ್ರಿ ನಮಗ."

ಸಾವಿರದ ನಾನೂರೆಲ್ಲಿ, ಎರಡು ನೂರೆಲ್ಲಿ. ಆ ನೀರಾದರೆ ಈ ಮೆಂಬ್ರೇನಿನಿಂದಲೂ ಬೇಗ ಇಳಿಯುತ್ತದೆ, ಸುಣ್ಣ ಕಟ್ಟುವುದಿಲ್ಲ, ರೆಸಿನ್ ಆರಾಮವಾಗಿ ಬಾಳುತ್ತದೆ, ಗಟಾರಕ್ಕೆ ಹೋಗುವುದೂ ಕಡಿಮೆ. ಈ ಮಷೀನು ಇರಬೇಕಾದ ಜಾಗ ಯಾವುದೆಂದು ಮೀಟರ್ ನನ್ನ ಕೈಯಲ್ಲೇ ಹೇಳುತ್ತಿತ್ತು. ಅಂಕಿಯನ್ನು ಅವರಿಗೆ ತೋರಿಸಿದೆ. ಜಾಗದ ಮಾತು ಎತ್ತಲಿಲ್ಲ. ಎತ್ತುವ ಮೊದಲೇ ಕಿರಿಯಳು, "ಅದಕ್ಕೇನ್ರಿ, ಕ್ಯಾನಿನ್ಯಾಗ ತುಂಬ್ಕೊಂಡು ಬಸ್ಸಿಗಿ ತರ್ತೀವಿ," ಅಂದಳು. ಸರಿ ಎಂದುಬಿಟ್ಟೆ. ನೀರು ಇಲ್ಲಿಗೆ ಬಂದರೆ ಅವರೂ ಇಲ್ಲಿಗೇ ಬರುತ್ತಾರೆ.

ತಂದರು. ಕಂಡಕ್ಟರು, "ಏನಬೇ, ರಾಯಚೂರಿಗಿ ನದಿನಾ ಹೊತ್ಕೊಂಡು ಹೊಂಟೀರಿ?" ಎಂದು ದಿನಾ ಕಾಡಿದನಂತೆ. ಅದನ್ನು ಹೇಳಿಕೊಂಡು ನಗುತ್ತ ಗೇಟು ತೆರೆಯುತ್ತಿದ್ದರು. ಆ ನೀರನ್ನು ಮಷೀನಿಗೆ ಬಿಟ್ಟು, ತುಂಬಿದ ಪ್ರತಿ ಕ್ಯಾನಿಗೂ ಮೀಟರ್ ಹಾಕಿದೆ. ಪ್ರತಿ ಕ್ಯಾನೂ ಸೊನ್ನೆ.

ಅಮಾವಾಸ್ಯೆಯ ಹಿಂದಿನ ದಿನ ಮಾನ್ವಿಗೆ ಹೋದೆವು. ಹಳೆಯ ಉಂಗುರಗಳು ಹೋಗಲಿ ಎಂದು ಎರಡು ಸಲ ಉಜ್ಜಿದೆವು, ಚೌಕಟ್ಟಿನಲ್ಲಿ ಅವಿತ ಧೂಳು ಇಳಿದು ಹೋಗಲೆಂದು ಎರಡು ಸಲ ಜಾಲಿಸಿದೆವು. ಆಮೇಲೆ ಕಾದೆವು. ಸಾವ್ಕಾರರು ಈ ಸಲ ಕುರ್ಚಿಯಲ್ಲಿ ತಾವೇ ಕೂತರು. ನೀಲಿ ಗಾಜಿನಲ್ಲಿ ಮೊದಲು ಆಕಾಶ ಬಂತು, ನಂತರ ಎದುರಿನ ಬೇವಿನ ಮರ, ನಂತರ ಲಾರಿಯ ಮೇಲೆ ಕೂತ ಹಮಾಲರು. ಮತ್ತೇನೂ ಬರಲಿಲ್ಲ. ಸಾವ್ಕಾರರು ಎದ್ದು ಹೋಗಿ ಬೆರಳಿನಿಂದ ತಟ್ಟಿ ನೋಡಿದರು.

"ಐತಿ," ಅಂದಳು ಹಿರಿಯಳು, "ಗಾಜು ಐತ್ರಿ ಸಾವ್ಕಾರ್ರ. ಕಳುವು ಆಗಿಲ್ಲ."

ಎಲ್ಲರೂ ನಕ್ಕರು. ಕೆಲಸ ನಮ್ಮದಾಯಿತು.

ವಾಪಸ್ಸು ಬರುವ ದಾರಿಯಲ್ಲಿ, ಖಾಲಿ ಕ್ಯಾನುಗಳ ನಡುವೆ ಹಿರಿಯಳು ತೂಕಡಿಸುತ್ತಿದ್ದಳು. ಬಲಗೈ ಮಡಿಲಲ್ಲಿತ್ತು. ಮಣಿಕಟ್ಟು ಮತ್ತೆ ಬಾತು ಬಳೆ ಮುಂಗೈಗೆ ಒತ್ತಿತ್ತು. ಎಡಗೈಯಲ್ಲಿ ಹೊರುತ್ತೇನೆ ಎಂದು ನನಗೆ ಹೇಳಿದ್ದಳು. ಬಸ್ಸು ಹತ್ತುವಾಗ ಒಂದೇ ಕೈಯಲ್ಲಿ ಕ್ಯಾನು, ಕಂಬಿ ಎರಡೂ ಹಿಡಿಯಲಾಗುವುದಿಲ್ಲ ಎಂದು ನನಗೆ ಹೊಳೆಯಬೇಕಾಗಿತ್ತು. ಏಣಿಯಿಂದ ಇಳಿಸಿ ಕ್ಯಾನು ಹೊರಿಸಿದ್ದೆ. ಯಾರಿಗಾಗಿ?

ನಮ್ಮ ಗೇಟಿನ ಮುಂದೆ ಆಟೋ ನಿಂತಾಗ ಹೇಳಿದೆ: "ಮಷೀನು ಮಸರಕಲ್ಲಿಗಿ ಒಯ್ಯೋಣು. ನಿಮ್ಮ ನಳದ ಹತ್ರ ಗ್ವಾಡಿಗಿ ಕೂಡಸ್ತೀನಿ. ಅಲ್ಲಿಂದಾ ದೇವದುರ್ಗಕ್ಕ, ಮಾನ್ವಿಗಿ ಸೀದಾ ಹೋಗ್ರಿ. ಇಲ್ಲಿಗಿ ಯಾಕ ಬರ್ತೀರಿ?"

ಕಿರಿಯಳು ನನ್ನ ಮುಖ ನೋಡಿದಳು. "ನೀವೇನ್ ಮಾಡ್ತೀರಿ?"

"ನಾ ಫೋನ್ ಎತ್ತೀನಿ."

"ಮಷೀನ್ ಜೋಡಿ ನೀವೂ ಬಂದ್ಬಿಡ್ರಿ," ಅಂದಳು ಹಿರಿಯಳು. ಮನಸ್ಸಿನಿಂದಲೇ ಅಂದಳು. ಅವರ ಮನೆಯಲ್ಲಿ ಎರಡು ಕೋಣೆ, ಏಳು ಜನ.

ನಾನೇ ಹೋಗಿ ಕೂಡಿಸಿ ಬಂದೆ. ಹೊಸ ಮೆಂಬ್ರೇನ್ ಹಾಕಿ, ಒತ್ತಡ ನೋಡಿ, ಹೊರಹೋಗುವ ನೀರಿನ ಪೈಪನ್ನು ಸೀದಾ ಅವರ ಬಟ್ಟೆ ಒಗೆಯುವ ಕಲ್ಲಿಗೆ ಬಿಟ್ಟೆ. ಅಲ್ಲಿ ಹೊರಹೋಗುವ ನೀರಿಗೂ ಉಪ್ಪು ಕಡಿಮೆ, ಬಟ್ಟೆಗೆ ಬಳಸಬಹುದು. ಓಣಿಯ ಹೆಂಗಸರೆಲ್ಲ ನೋಡಲು ಬಂದರು. ಹಿರಿಯಳು ಅವರಿಗೆ ರೆಸಿನ್ನಿನ ಕಥೆ ಹೇಳುತ್ತಿದ್ದಳು, ಅರ್ಧ ನನ್ನದು, ಅರ್ಧ ಅವಳದೇ. ಮೀಟರನ್ನು ಅವಳ ಕೈಗೆ ಕೊಟ್ಟೆ. "ಹತ್ತು ದಾಟಿದರ ನನಗ ಫೋನ್ ಮಾಡು," ಅಂದೆ. ಊಟ ಮಾಡಿಸಿ, ಬಸ್ ಸ್ಟಾಪಿನವರೆಗೆ ಇಬ್ಬರೂ ಬಂದು, ಕಿಟಕಿ ಸೀಟಿಗೆ ಕೂಡಿಸಿ ಕಳಿಸಿದರು.

ಮೊದಮೊದಲು ದಿನಾ ಬೆಳಗ್ಗೆ ಫೋನ್ ಬರುತ್ತಿತ್ತು. "ಸೊನ್ನಿ ಅದ್ರಿ." ಆಮೇಲೆ ಊರಿನ ಸುದ್ದಿ, ಕಂಡಕ್ಟರನ ಸುದ್ದಿ, ಕೈ ನೋವು ಹೇಗಿದೆ ಎಂಬುದು. ನಂತರ ದಿನ ಬಿಟ್ಟು ದಿನ. ಸಾವ್ಕಾರರು ಈಗ ಕಿರಿಯಳ ನಂಬರಿಗೇ ಮಾಡುತ್ತಾರೆ, ಅದೇ ಸರಿ, ಮಧ್ಯೆ ನಾನೇಕೆ. ಒಂದು ವಾರ ಸುದ್ದಿಯೇ ಇಲ್ಲದಾಗ ನಾನೇ ಮಾಡಿದೆ.

"ಯಾಕವಾ, ಫೋನೇ ಇಲ್ಲ?"

"ಸೊನ್ನಿನಾ ಅದಲ್ರಿ ಯವ್ವಾ," ಅಂದಳು ಹಿರಿಯಳು. ಹಿಂದೆ ಪಂಪಿನ ಸದ್ದು, ಯಾರೋ ಅವಳನ್ನು ಕರೆಯುವ ಸದ್ದು. "ಸೊನ್ನಿ ಇದ್ರ ಏನಂತ ಹೇಳೂದ್ರಿ?"

ನಿಜವೇ. ಚೆನ್ನಾಗಿ ಕೂಡಿಸಿದ್ದೇನೆ. ಆ ನೀರಿಗೆ ಆ ರೆಸಿನ್ ಎಷ್ಟು ಕಾಲ ತಡೆಯುತ್ತದೆಂದು ನಾನು ಲೆಕ್ಕ ಹಾಕಬಲ್ಲೆ, ಹಾಕಿಲ್ಲ. ಒಂದು ದಿನ ಅದು ಮುಗಿಯಲೇಬೇಕು, ಕೆಮಿಸ್ಟ್ರಿ. ಆ ದಿನ ಮೀಟರ್ ಹತ್ತು ದಾಟುತ್ತದೆ. ಹೊಸ ರೆಸಿನ್ ಪ್ಯಾಕೆಟ್ಟು ತಂದಿಟ್ಟಿದ್ದೇನೆ. ಒಳಗೆ ಕಪಾಟಿನಲ್ಲಿ ಜಾಗವಿದೆ, ಆದರೂ ಬಾಗಿಲ ಹತ್ತಿರದ ಕುರ್ಚಿಯ ಮೇಲೇ ಇಟ್ಟಿದ್ದೇನೆ, ನನ್ನ ಹ್ಯಾಂಡ್‌ಬ್ಯಾಗಿನ ಪಕ್ಕದಲ್ಲಿ.